ಪ್ಲಾಸ್ಟಿಕ್ಕಿನೊಳಗಿನ ಪದವಿ

ಮಯೂರಿ ನಾಲ್ಕು ವರ್ಷ ಓದಿದ ಕಾಲೇಜು ಇಲ್ಲವೇ ಇಲ್ಲ ಎಂದು ಹೊರದೇಶದ ಪದವಿಗಳನ್ನು ಪರಿಶೀಲಿಸುವ ಕಚೇರಿಯವರು ಬರೆದಿದ್ದರು.

ಎರಡು ಪುಟದ ಪತ್ರ. ಮೊದಲ ಪುಟದ ತುಂಬ ಸೌಜನ್ಯ. ಅರ್ಜಿ ಹಾಕಿದ್ದಕ್ಕೆ ಧನ್ಯವಾದ, ತಡವಾದದ್ದಕ್ಕೆ ಕ್ಷಮೆ, ಅನುಮಾನವಿದ್ದರೆ ಈ ನಂಬರಿಗೆ ಫೋನ್ ಮಾಡಿ. ನಿಜವಾದ ವಿಷಯ ಇದ್ದದ್ದು ಎರಡನೇ ಪುಟದಲ್ಲಿ. ಚಾಂಗ್‌ಲಿಯು ತಾಂತ್ರಿಕ ಸಂಸ್ಥೆ ಎಂಬ ಹೆಸರು ಚೀನಾದ ಮಾನ್ಯತೆ ಪಡೆದ ಕಾಲೇಜುಗಳ ಪಟ್ಟಿಯಲ್ಲಿ ಸಿಗುತ್ತಿಲ್ಲ. ಆ ಸಂಸ್ಥೆ ಯಾವಾಗ ಹುಟ್ಟಿತು, ಹೇಗೆ ಬೆಳೆಯಿತು, ಈಗ ಏನಾಗಿದೆ ಎಂಬ ಇತಿಹಾಸವನ್ನು ಸಂಸ್ಥೆಯ ಮೊಹರಿನೊಂದಿಗೆ ಕಳಿಸಬೇಕು. ಅಲ್ಲದೆ ನೀವು ಕಳಿಸಿದ ಪದವಿಪತ್ರವನ್ನು ಲ್ಯಾಮಿನೇಟ್ ಮಾಡಿಸಲಾಗಿದೆ. ಫೋಟೋದ ಮೇಲಿನ ಉಬ್ಬು ಮೊಹರು ಚಪ್ಪಟೆಯಾಗಿ ಬೆರಳಿಗೆ ಸಿಗುತ್ತಿಲ್ಲ. ಇದನ್ನು ಮೂಲಪತ್ರವೆಂದು ಒಪ್ಪಲು ಬರುವುದಿಲ್ಲ.

"ನಾಕು ವರ್ಷ ಎಲ್ಲಿ ಕುಂತಿದ್ದಿ ಹಂಗಾರ? ಹೊಲದಾಗೇನ?" ಎಂದೆ.

"ಕಾಲೇಜು ಐತಿ ಮಾಮಾ. ಹೆಸರು ಬದಲಾಗೈತಿ ಅಷ್ಟ," ಎಂದಳು ಮಯೂರಿ.

"ಹೆಸರು ಬದಲಾದ್ರ ಕಾಲೇಜು ಸಾಯ್ತೈತೇನ? ನನಗ ಇಲ್ಲಿ ಎಲ್ಲಾರೂ ಫ್ರ್ಯಾಂಕ್ ಅಂತಾರ. ಫಕೀರಪ್ಪ ಸತ್ತಾನೇನ?"

ನನ್ನ ಹೆಂಡತಿ ಪ್ರಭಾ ಅಡುಗೆಮನೆಯಿಂದಲೇ, "ಇನ್ನಾ ಸತ್ತಿಲ್ಲ, ದನಿ ಕೇಳಾಕತ್ತೈತಿ ನಾಕು ಮನಿ ತನಕ," ಎಂದಳು.

ಮಯೂರಿ ನನ್ನ ಅಕ್ಕ ರತ್ನವ್ವನ ಮಗಳು. ಮುಂಡರಗಿಯ ಹುಡುಗಿ. ಚೀನಾ ಸರ್ಕಾರದ ವಿದ್ಯಾರ್ಥಿವೇತನದ ಮೇಲೆ 2004ರಲ್ಲಿ ಅಲ್ಲಿಗೆ ಹೋಗಿ, ಬಾಯ್ಲರು, ಉಗಿ, ಒಣಗಿಸುವ ಯಂತ್ರ ಇವೆಲ್ಲ ಕಲಿತು 2008ರಲ್ಲಿ ಪದವಿ ತಗೊಂಡು ಬಂದಳು. ಪಾಠ ಇಂಗ್ಲಿಷಿನಲ್ಲಿ ಆದದ್ದರಿಂದ ಅವಳಿಗೆ ಬರುವ ಚೀನಿ ಭಾಷೆ ತರಕಾರಿ ಕೊಳ್ಳುವಷ್ಟೇ. ಪುಣೆಯಲ್ಲಿ ನಾಲ್ಕು ವರ್ಷ ದುಡಿದು, ನಾನಿರುವ ಈ ದಕ್ಷಿಣದ ದ್ವೀಪದೇಶಕ್ಕೆ ಬಂದು ಮನುಕಾವ್‌ನಲ್ಲಿ ಒಂದು ವರ್ಷದ ಕೋರ್ಸು ಮುಗಿಸಿ, ಹೋದ ವರ್ಷದಿಂದ ಹ್ಯಾಮಿಲ್ಟನ್‌ನ ನಮ್ಮ ಮನೆಯಲ್ಲಿದ್ದಳು. ಸೂಪರ್‌ಮಾರ್ಕೆಟ್ಟಿನಲ್ಲಿ ಡಬ್ಬಿ ಜೋಡಿಸುತ್ತಿದ್ದಳು. ಕೊನೆಗೂ ಆಗಸ್ಟಿನಲ್ಲಿ ಊರಾಚೆಯ ಹಾಲಿನ ಪುಡಿ ಕಾರ್ಖಾನೆಯವರು ಅವಳನ್ನು ಕರೆದು, ಒಣಗಿಸುವ ವಿಭಾಗದಲ್ಲಿ ಇಂಜಿನಿಯರ್ ಕೆಲಸ ಕೊಡುತ್ತೇವೆ ಎಂದರು. ಷರತ್ತು ಒಂದೇ. ಚೀನಾದ ಪದವಿ ಇಲ್ಲಿನ ಪದವಿಗೆ ಸಮ ಎಂದು ಆ ಕಚೇರಿಯಿಂದ ಪತ್ರ ತರಬೇಕು, ಅಕ್ಟೋಬರ್ ಮೂವತ್ತೊಂದರೊಳಗೆ. ತರದಿದ್ದರೆ ಕೆಲಸ ಬೇರೆಯವರಿಗೆ. ಕೆಲಸ ಸಿಗದಿದ್ದರೆ ಡಿಸೆಂಬರ್ ಹದಿನೈದಕ್ಕೆ ವೀಸಾ ಮುಗಿದು ಮುಂಡರಗಿಗೆ.

ನಮ್ಮ ಕೈಗೆ ಈ ಪತ್ರ ಬಂದದ್ದು ಸೆಪ್ಟೆಂಬರ್ ಎಂಟಕ್ಕೆ.

ಪತ್ರದ ಜೊತೆ ವಾಪಸ್ ಬಂದಿದ್ದ ಲ್ಯಾಮಿನೇಟ್ ಆದ ಪದವಿಪತ್ರವನ್ನು ಊಟದ ಮೇಜಿನ ಮೇಲಿಟ್ಟುಕೊಂಡು ನೋಡಿದೆ. ಒಳ್ಳೆ ದಪ್ಪ ಪ್ಲಾಸ್ಟಿಕ್ಕು. ಒಂದು ಕಡೆ ಚೀನಿ ಅಕ್ಷರ, ಒಂದು ಕಡೆ ಇಂಗ್ಲಿಷು, ನಡುವೆ ಎರಡು ಜಡೆಯ ಮಯೂರಿಯ ಫೋಟೋ, ಕೆಳಗೆ ಕೆಂಪು ಮೊಹರು.

"ಯಾವ ಬುದ್ಧಿಗೇಡಿ ಮಾಡ್ಸಿದ್ನವಾ ಇದನ್ನ ಲ್ಯಾಮಿನೇಶನ್? ಸಿಕ್ರ ಅವನ ಕೈನ ಆ ಮಷೀನಿನಾಗ ಇಡ್ತೀನಿ."

ಮಯೂರಿ ತಟ್ಟೆ ನೋಡುತ್ತ ರೊಟ್ಟಿ ಮುರಿದಳು. "ಯಾರೋ ಮಾಡ್ಸಿದ್ರು. ಬಿಡ್ರಿ ಮಾಮಾ."

"ಬಿಡೂದೇನ? ಓದಿದಾಕಿ ನೀನು. ಬ್ಯಾಡ ಅನ್ನಾಕ ಬರಂಗಿಲ್ಲ?"

ಅವಳು ತಟ್ಟೆ ಎತ್ತಿಕೊಂಡು ಅಡುಗೆಮನೆಗೆ ಹೋದಳು. 

ಮರುದಿನ ಆ ಕಚೇರಿಗೆ ಫೋನ್ ಮಾಡಿದೆ. ನಲವತ್ತು ನಿಮಿಷ ಪಿಟೀಲು ಕೇಳಿಸಿ ಆಮೇಲೆ ಒಬ್ಬ ಹೆಂಗಸು ಬಂದಳು. ದನಿ ಬೆಣ್ಣೆಯಂಥದ್ದು. ನಾನು ಕೂಗಿದಷ್ಟೂ ಅವಳು ಮೆತ್ತಗಾದಳು. ನಿಮ್ಮ ಬೇಸರ ಅರ್ಥವಾಗುತ್ತದೆ ಸರ್, ಆದರೆ ಸಂಸ್ಥೆಯ ಇತಿಹಾಸ ಬೇಕೇ ಬೇಕು ಸರ್. ಗೋಡೆಗೆ ಹಣೆ ಜಜ್ಜಿಕೊಂಡರೆ ಗೋಡೆಯಾದರೂ ಸಪ್ಪಳ ಮಾಡುತ್ತದೆ. ಈ ಹೆಂಗಸು ಅದನ್ನೂ ಮಾಡಲಿಲ್ಲ.

ನಾನು ಕೆಲಸ ಮಾಡುವುದು ಹಾಲಿನ ಟ್ಯಾಂಕು, ಪೈಪು ತಯಾರಿಸುವ ವರ್ಕ್‌ಶಾಪಿನಲ್ಲಿ. ಹದಿನಾಲ್ಕು ವರ್ಷವಾಯಿತು, ಈಗ ಫೋರ್‌ಮನ್. ನಮ್ಮಲ್ಲಿ ಸ್ಟೀಲು ಬೆಸುಗೆ ಹಾಕುವವರಲ್ಲಿ ಎಲ್ಲರಿಗಿಂತ ಕೈ ಸ್ವಚ್ಛ ಇರುವುದು ಲಿನ್ ಎಂಬ ಚೀನಿ ಹೆಂಗಸಿನದು. ನನ್ನದೇ ವಯಸ್ಸು, ಮಾತು ಕಡಿಮೆ. ಬೆಳಗಿನ ಸ್ಮೋಕೊದಲ್ಲಿ, ಅಂದರೆ ಹತ್ತು ಗಂಟೆಯ ಚಹಾದ ಹೊತ್ತಿನಲ್ಲಿ, ಆ ಪತ್ರವನ್ನು ಅವಳ ಮುಂದೆ ಹಿಡಿದೆ.

ಲಿನ್ ಸೂರ್ಯಕಾಂತಿ ಬೀಜ ಕಚ್ಚುತ್ತ ಓದಿದಳು. "ಇದರಲ್ಲಿ ಏನಿದೆ ಫ್ರ್ಯಾಂಕ್? ನಮ್ಮಲ್ಲಿ ಕಾಲೇಜುಗಳು ಹೆಸರು ಬದಲಾಯಿಸುತ್ತಲೇ ಇರುತ್ತವೆ. ಪ್ರತಿ ಕಾಲೇಜಿನಲ್ಲೂ ದಾಖಲೆಗಳ ವಿಭಾಗ ಅಂತ ಇರುತ್ತದೆ. ಅಲ್ಲಿ ಒಬ್ಬರು ಮುದುಕರು ಕೂತಿರುತ್ತಾರೆ. ಅವರಿಗೆ ಎಲ್ಲ ಗೊತ್ತಿರುತ್ತದೆ."

"ಫೋನ್ ಮಾಡಿಕೊಡುತ್ತೀಯಾ?"

"ಮಾಡುತ್ತೇನೆ. ಆದರೆ ನೀನು ಕೂಗಬಾರದು."

"ನಾನು ಯಾವಾಗ ಕೂಗಿದೆ?"

ಪಕ್ಕದಲ್ಲಿ ಚಹಾ ಕುಡಿಯುತ್ತಿದ್ದವರೆಲ್ಲ ನಕ್ಕರು.

ನಮ್ಮ ಮಧ್ಯಾಹ್ನ ಒಂದಕ್ಕೆ ಅಲ್ಲಿ ಬೆಳಿಗ್ಗೆ ಒಂಬತ್ತು. ಮೊದಲ ದಿನ ಯಾರೂ ಎತ್ತಲಿಲ್ಲ. ಎರಡನೇ ದಿನ ಎತ್ತಿದವನು ಬೇರೆ ವಿಭಾಗದ ನಂಬರು ಕೊಟ್ಟ. ಆ ವಿಭಾಗದವರು ಹೊಸ ಕ್ಯಾಂಪಸ್ಸಿನ ನಂಬರು ಕೊಟ್ಟರು. ಹೊಸ ಕ್ಯಾಂಪಸ್ಸಿನವರು, ದಾಖಲೆಗಳ ವಿಭಾಗ ಇನ್ನೂ ಹಳೆ ಕ್ಯಾಂಪಸ್ಸಿನಲ್ಲೇ ಇದೆ ಎಂದು ಮೊದಲನೇ ನಂಬರನ್ನೇ ಕೊಟ್ಟರು. ನಾಲ್ಕನೇ ದಿನ ಟಾವ್ ಎಂಬ ಹೆಂಗಸು ಸಿಕ್ಕಳು. ಒರಟು ದನಿ, ತುಂಡು ಮಾತು.

ಹೆಸರು, ಪದವಿಯ ವರ್ಷ, ವಿದ್ಯಾರ್ಥಿ ನಂಬರು ಕೇಳಿದಳು. ಲಿನ್ ಹೇಳಿದಳು. ಆಮೇಲೆ ಟಾವ್ ಏನೋ ಉದ್ದಕ್ಕೆ ಹೇಳತೊಡಗಿದಳು.

"ಏನಂತೆ?" ಎಂದೆ.

"ನಿನಗೆ ಯಾವ ಹೆಸರಿನ ಇತಿಹಾಸ ಬೇಕು ಅಂತ ಕೇಳುತ್ತಿದ್ದಾಳೆ. ಇದುವರೆಗೆ ಐದು ಹೆಸರು ಆಗಿದೆಯಂತೆ."

"ಐದು? ಒಂದು ಕಾಲೇಜಿಗೆ ಐದು ಹೆಸರು ಯಾಕೆ?"

"ಕೇಳಬೇಕಾ?"

"ಕೇಳು."

ಲಿನ್ ಕೇಳಿದಳು. ಟಾವ್ ಒಂದೇ ಮಾತು ಹೇಳಿದಳು. ಲಿನ್ ಅನುವಾದ ಮಾಡಲಿಲ್ಲ. ಅದು ಒಳ್ಳೆಯ ಮಾತಲ್ಲ ಎಂದು ಮಾತ್ರ ಗೊತ್ತಾಯಿತು.

ಮುಂದಿನ ಎರಡು ವಾರ ಹೀಗೇ ಹೋಯಿತು. ಕೋರಿಕೆಯನ್ನು ಚೀನಿ ಭಾಷೆಯಲ್ಲಿ ಬರೆದು ಕಳಿಸಿ ಎಂದಳು, ಲಿನ್ ಬರೆದಳು. ಮಯೂರಿಯ ಸಹಿ ಬೇಕು ಎಂದಳು, ಕಳಿಸಿದೆವು. ಪಾಸ್‌ಪೋರ್ಟಿನ ಹಳೆಯ ಪುಟ ಬೇಕು ಎಂದಳು, ಅದನ್ನೂ ಕಳಿಸಿದೆವು. ಲ್ಯಾಮಿನೇಟ್ ಆದ ಪದವಿಯ ಬದಲಿಗೆ ಹೊಸದನ್ನು ಕೊಡಿ ಎಂದರೆ, ಚೀನಾದಲ್ಲಿ ಪದವಿಪತ್ರ ಜೀವನಕ್ಕೆ ಒಂದೇ ಸಲ, ಕಳೆದರೂ ಸುಟ್ಟರೂ ಎರಡನೆಯದು ಇಲ್ಲ ಎಂದಳು. ಅದರ ಬದಲಿಗೆ ಪದವಿ ಕೊಟ್ಟದ್ದು ನಿಜ ಎಂಬ ಪ್ರಮಾಣಪತ್ರ ಕೊಡಬಹುದು, ಅದಕ್ಕೆ ಮೇಲಿನವರ ಒಪ್ಪಿಗೆ ಬೇಕು, ಮೇಲಿನವರು ಊರಲ್ಲಿಲ್ಲ.

ಸೆಪ್ಟೆಂಬರ್ ಇಪ್ಪತ್ತೆಂಟಕ್ಕೆ, ಪ್ರತಿ ಬೇಸಿಗೆಯ ಮುಂಚೆ ಮಾಡುವಂತೆ, ನಮ್ಮಲ್ಲಿ ಗಡಿಯಾರ ಒಂದು ತಾಸು ಮುಂದಿಟ್ಟರು. ಅದನ್ನು ಲೆಕ್ಕ ಹಿಡಿಯದೆ ಸೋಮವಾರ ಒಂದು ಗಂಟೆಗೆ ಫೋನ್ ಹಿಡಿದು ಕೂತೆವು. ಅಲ್ಲಿ ಇನ್ನೂ ಎಂಟು. ಒಂದು ತಾಸು ಖಾಲಿ ಗಂಟೆ ಕೇಳಿದೆ. ಆ ಹೊತ್ತಿಗೆ ನನ್ನ ತಲೆಯೊಳಗೆ ಬಾಯ್ಲರೇ ಕುದಿಯುತ್ತಿತ್ತು. ಎರಡು ಗಂಟೆಗೆ ಟಾವ್ ಎತ್ತಿದಳು. ನಾಡಿದ್ದಿನಿಂದ ಒಂದು ವಾರ ರಾಷ್ಟ್ರೀಯ ರಜೆ, ಅಕ್ಟೋಬರ್ ಎಂಟಕ್ಕೆ ಮಾಡಿ ಎಂದಳಂತೆ.

ನಾನು ಲಿನ್ ಕೈಯಿಂದ ಫೋನ್ ಕಸಿದುಕೊಂಡೆ. "ನೀವೇನು ವಿಶ್ವವಿದ್ಯಾಲಯ ನಡೆಸುತ್ತಿದ್ದೀರೋ, ಸರ್ಕಸ್ ಕಂಪನಿಯೋ? ಊರೂರಿಗೆ ಹೋಗಿ ಹೆಸರು ಬದಲಾಯಿಸುವ ಕಳ್ಳರು ನೀವು!" ಎಂದು ಇಂಗ್ಲಿಷಿನಲ್ಲಿ ಕೂಗಿದೆ.

 ಟಾವ್ ಸ್ಪಷ್ಟವಾದ ಇಂಗ್ಲಿಷಿನಲ್ಲಿ, "ಗುಡ್ ಬೈ, ಸರ್," ಎಂದಳು. ಫೋನ್ ಇಟ್ಟಳು.

ಲಿನ್ ನನ್ನನ್ನೇ ನೋಡಿದಳು. "ಇಪ್ಪತ್ತು ದಿನದಿಂದ ನಿನ್ನ ಬೈಗುಳವನ್ನು ನಾನು ನಮಸ್ಕಾರ ಮಾಡಿ ಕಳಿಸುತ್ತಿದ್ದೆ ಫ್ರ್ಯಾಂಕ್. ಇನ್ನು ಮುಂದೆ ನೀನೇ ಮಾಡಿಕೋ." ಮುಖಕ್ಕೆ ಗುರಾಣಿ ಇಳಿಸಿಕೊಂಡು ಬೆಸುಗೆಗೆ ಕೂತಳು. ಕಿಡಿ ಹಾರುವಾಗ ಯಾರೂ ಅವಳನ್ನು ಮಾತಾಡಿಸುವಂತಿಲ್ಲ. ಅದು ಅವಳಿಗೂ ಗೊತ್ತಿತ್ತು.

ಮನೆಯಲ್ಲಿ ಈ ವಿಷಯ ಹೇಳಲಿಲ್ಲ. ಅವರಿಗೆ ರಜೆ ಎಂದಷ್ಟೇ ಹೇಳಿದೆ.

ಸುಮ್ಮನೆ ಕೂರುವುದು ನನಗೆ ಬರುವುದಿಲ್ಲ. ಐ.ಟಿ.ಐ. ಕಲಿತವನು ನಾನು, ಎಂಥ ಯಂತ್ರವನ್ನಾದರೂ ಬಿಚ್ಚಿ ಜೋಡಿಸಿದವನು. ಬಿಸಿಯಿಂದ ಅಂಟಿದ ಪ್ಲಾಸ್ಟಿಕ್ಕು ಬಿಸಿಯಿಂದಲೇ ಬಿಡಬೇಕಲ್ಲ ಎಂಬ ಯೋಚನೆ ಬಂತು. ಪ್ಲಾಸ್ಟಿಕ್ಕು ತೆಗೆದರೆ ಮೂಲಪತ್ರ ಸಿಕ್ಕಂತಾಯಿತು, ಅರ್ಧ ತಂಟೆ ಮುಗಿಯಿತು. ಮಯೂರಿಯನ್ನು ಕೇಳಿದೆ.

"ಬ್ಯಾಡ ಮಾಮಾ. ಅದು ಪೇಪರ್, ಪೈಪ್ ಅಲ್ಲ," ಎಂದಳು.

ಶನಿವಾರ ವರ್ಕ್‌ಶಾಪ್ ಖಾಲಿ. ಅವಳು ಡ್ಯೂಟಿಗೆ ಹೋದಮೇಲೆ ಪದವಿಪತ್ರವನ್ನು ಯೂಟ್‌ನ ಅಂದರೆ ನನ್ನ ಪಿಕಪ್ ಗಾಡಿಯ ಸೀಟಿನ ಮೇಲಿಟ್ಟುಕೊಂಡು ಹೋದೆ. ಬಿಸಿಗಾಳಿ ಊದುವ ಗನ್ನನ್ನು ಎಲ್ಲಕ್ಕಿಂತ ಕಡಿಮೆ ಶಾಖಕ್ಕಿಟ್ಟು ಕೆಳಗಿನ ಬಲಮೂಲೆಗೆ ಹಿಡಿದೆ. ಪ್ಲಾಸ್ಟಿಕ್ಕು ಮೆಲ್ಲಗೆ ನಡುಗಿ ಬಾಯಿ ಬಿಟ್ಟಿತು. ನನಗೆ ಎಷ್ಟು ಖುಷಿಯಾಯಿತೆಂದರೆ ಒಬ್ಬನೇ ನಕ್ಕೆ. ಚಿಮುಟ ಹಾಕಿ ಎಳೆದೆ. ಎರಡು ಬೆರಳಿನಷ್ಟು ಬಂತು. ಪ್ಲಾಸ್ಟಿಕ್ಕಿನ ಒಳಮೈಗೆ ಕೆಂಪು ಅಂಟಿಕೊಂಡಿತ್ತು. ಕಾಗದದ ಮೇಲೆ ಕೆಂಪು ಇರಲಿಲ್ಲ. ಮೊಹರಿನ ಅರ್ಧ ವೃತ್ತ ಕಾಗದದಿಂದ ಎದ್ದು ಪ್ಲಾಸ್ಟಿಕ್ಕಿಗೆ ಬಂದುಬಿಟ್ಟಿತ್ತು. ಮೊಹರಿನ ಕೆಳಗಿದ್ದ ತಾರೀಖು, ವರ್ಷ ಎರಡೂ ಸಿಪ್ಪೆಯಂತೆ ಸುಲಿದು ಹೋಗಿದ್ದವು.

ಗನ್ ಆರಿಸಿದೆ. ಪ್ಲಾಸ್ಟಿಕ್ಕನ್ನು ಹಿಂದಕ್ಕೆ ಒತ್ತಿದೆ. ಅದು ಮತ್ತೆ ಅಂಟಿತು, ಆದರೆ ಓರೆಯಾಗಿ.

ಮಯೂರಿ ಸಂಜೆ ಅದನ್ನು ಕೈಯಲ್ಲಿ ಹಿಡಿದುಕೊಂಡು ಬಹಳ ಹೊತ್ತು ನಿಂತಿದ್ದಳು. ಅವಳು ಕೂಗಿದ್ದನ್ನು ನಾನು ಯಾವತ್ತೂ ಕೇಳಿರಲಿಲ್ಲ. ಆ ದಿನ ಕೂಗಿದಳು.

"ಬ್ಯಾಡ ಅಂದಿದ್ದೆ ನಾ! ಆವತ್ತೂ ಬ್ಯಾಡ ಅಂದಿದ್ದೆ, ಇವತ್ತೂ ಬ್ಯಾಡ ಅಂದೆ. ಒಮ್ಮೆರ ನನ್ನ ಮಾತು ಕೇಳೀರೇನು?"

"ಯಾವತ್ತು ಅಂದಿದ್ದಿ?"

ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಪ್ರಭಾ ನನ್ನ ತಟ್ಟೆಗೆ ಅನ್ನ ಹಾಕಿದಳು, ಸಾರು ಹಾಕಲಿಲ್ಲ. ನಾನೂ ಕೇಳಲಿಲ್ಲ.

ಭಾನುವಾರ ಅಕ್ಕನ ಫೋನ್ ಬಂತು. ಪ್ರತಿ ಭಾನುವಾರ ಬರುತ್ತದೆ. ನಾನು ಆಗಿದ್ದನ್ನೆಲ್ಲ ಹೇಳಿ, ತಪ್ಪನ್ನು ಚೀನಾದವರ ಮೇಲೆ, ಕಚೇರಿಯ ಮೇಲೆ, ಗಡಿಯಾರದ ಮೇಲೆ ಹಾಕಿ, ಕೊನೆಗೆ, "ಅಕ್ಕಾ, ಆ ಲ್ಯಾಮಿನೇಶನ್ ಮಾಡಿಸಿದಾವ ಯಾವಾಂವ ಹೇಳು. ಅಲ್ಲಿಂದ ಕೆಟ್ಟಿದ್ದು ಎಲ್ಲಾ," ಎಂದೆ.

 "ಏ ತಮ್ಮಾ, ನಿನಗ ಖರೇನ ನೆನಪಿಲ್ಲೇನು?"

"ಏನ್ ನೆನಪು?"

"ನೀನ ಮಾಡ್ಸಿದ್ಯಲ್ಲೋ. ಗದಗದಾಗ, ಬಸ್‌ಸ್ಟ್ಯಾಂಡಿನ ಬಾಜೂಕ. ಆಕಿ ಕೈಯಾಗಿಂದ ಕಸಗೊಂಡು ಒಯ್ದಿ. ಬ್ಯಾಡ ಮಾಮಾ, ಕಾಲೇಜಿನಾಗ ಹಂಗ ಇಡ್ರಿ ಅಂದಾರ ಅಂತ ಆ ಹುಡುಗಿ ನಿನ್ನ ಬೆನ್ನ ಹಿಂದ ಓಡಿ ಬಂತು. ನಿನಗ ಏನ್ ತಿಳೀತೈತಿ ಸುಮ್ನಿರು ಅಂದಿ."

ಒಂದೊಂದಾಗಿ ಎಲ್ಲ ಕಣ್ಣ ಮುಂದೆ ಬಂತು. 2008ರ ಡಿಸೆಂಬರ್, ನಾನು ರಜೆಯ ಮೇಲೆ ಹೋಗಿದ್ದೆ. ಗೂಡಿನಂಥ ಅಂಗಡಿ. ಯಂತ್ರದ ಬಾಯಿಂದ ಬಿಸಿಬಿಸಿಯಾಗಿ ಹೊರಬಂದ ಪದವಿಪತ್ರವನ್ನು ಬಿಸಿಲಿಗೆ ಹಿಡಿದು ನೋಡಿದವನು ನಾನೇ. ಇನ್ನು ಇದಕ್ಕೆ ನೂರು ವರ್ಷ ಸಾವಿಲ್ಲ ಎಂದವನೂ ನಾನೇ.

ನನ್ನ ಹತ್ತನೇ ಕ್ಲಾಸಿನ ಅಂಕಪಟ್ಟಿಯನ್ನು ಗೆದ್ದಲು ತಿಂದಿತ್ತು. ನಮ್ಮ ಹಳ್ಳಿಯ ಶಾಲೆಯಲ್ಲಿ ಆ ವರ್ಷ ಮೊದಲನೇ ಕ್ಲಾಸಿನಲ್ಲಿ ಪಾಸಾದವನು ನಾನೊಬ್ಬನೇ. ಸಾರಿಗೆ ಇಲಾಖೆಯ ಸಂದರ್ಶನಕ್ಕೆ ಪೆಟ್ಟಿಗೆ ತೆಗೆದರೆ ಅಂಕಪಟ್ಟಿಯ ಜಾಗದಲ್ಲಿ ಮಣ್ಣು. ಎರಡನೇ ಪ್ರತಿ ಬರುವಷ್ಟರಲ್ಲಿ ಕೆಲಸ ಹೋಗಿತ್ತು. ಅವತ್ತಿನಿಂದ ನನ್ನ ಕಣ್ಣಿಗೆ ಬಿದ್ದ ಕಾಗದವನ್ನೆಲ್ಲ ನಾನು ಪ್ಲಾಸ್ಟಿಕ್ಕಿನೊಳಗೆ ಹಾಕಿಸಿದ್ದೇನೆ. ರೇಷನ್ ಕಾರ್ಡು, ಮದುವೆಯ ಫೋಟೋ, ಅಪ್ಪನ ಮರಣಪತ್ರ. ಮಯೂರಿಯ ಪದವಿ ಇವೆಲ್ಲದರಲ್ಲಿ ಒಂದು. ಆದ್ದರಿಂದಲೇ ಮರೆತಿದ್ದೆ.

ಅವಳು ಮರೆತಿರಲಿಲ್ಲ. ಊಟದ ಮೇಜಿನಲ್ಲಿ ಬುದ್ಧಿಗೇಡಿ, ಅವನ ಕೈ ಸುಡುತ್ತೇನೆ ಎಂದೆಲ್ಲ ನಾನು ಕೂಗುವಾಗ ರೊಟ್ಟಿ ಮುರಿಯುತ್ತ ಕೂತಿದ್ದಳು. ಬೈಯಬೇಕಾದವನು ಯಾರೆಂದು ಈಗ ಗೊತ್ತಾಯಿತು. ಇಷ್ಟು ಸಿಟ್ಟು ಇಟ್ಟುಕೊಂಡು ಎಲ್ಲಿಗೆ ಹೋಗಲಿ? ಹಿತ್ತಲಿಗೆ ಹೋಗಿ ಎರಡು ತಾಸು ಹುಲ್ಲು ಕತ್ತರಿಸಿದೆ. ಹುಲ್ಲು ಹಿಂದಿನ ವಾರವೇ ಕತ್ತರಿಸಿದ್ದಾಗಿತ್ತು.

ಅಕ್ಟೋಬರ್ ಎಂಟರಂದು ಲಿನ್ ಹತ್ತಿರ ಹೋದೆ.

"ಇನ್ನೊಂದು ಸಲ ಫೋನ್ ಮಾಡು. ಕ್ಷಮೆ ಕೇಳಬೇಕು."

ಲಿನ್ ಗುರಾಣಿ ಎತ್ತಿದಳು. "ಮಾಡುತ್ತೇನೆ. ಆದರೆ ಇವತ್ತು ನೀನು ಏನು ಹೇಳುತ್ತೀಯೋ ಅದನ್ನೇ ಹೇಳುತ್ತೇನೆ. ಸಕ್ಕರೆ ಹಾಕುವುದಿಲ್ಲ."

"ಹಾಕಬೇಡ."

ಎರಡು ಗಂಟೆಗೆ ಟಾವ್ ಎತ್ತಿದಳು. ನಾನು ಹೇಳಿದೆ, ಲಿನ್ ಸಾಲು ಸಾಲಾಗಿ ತಿರುಗಿಸಿದಳು. ನಾನು ನಿಮ್ಮನ್ನು ಕಳ್ಳರು ಅಂದೆ, ತಪ್ಪಾಯಿತು. ಪದವಿಪತ್ರ ಹಾಳು ಮಾಡಿದ್ದು ನಾನು. ಎರಡು ಸಲ ಮಾಡಿದೆ. ಮೊದಲ ಸಲ ಪ್ಲಾಸ್ಟಿಕ್ಕು ಹಾಕಿಸಿದೆ, ಎರಡನೇ ಸಲ ತೆಗೆಯಲು ಹೋಗಿ ಮೊಹರು ಕಿತ್ತೆ. ಹುಡುಗಿಯದು ಏನೂ ತಪ್ಪಿಲ್ಲ. ಅವಳ ಕೆಲಸ ಹೋಗುತ್ತದೆ.

 ಆಮೇಲೆ ಟಾವ್ ಕೇಳಿದಳು, ಯಾಕೆ ಪ್ಲಾಸ್ಟಿಕ್ಕು ಹಾಕಿಸಿದಿರಿ?

"ಹಾಳಾಗಬಾರದು ಅಂತ."

ಲಿನ್ ಅದನ್ನು ಹೇಳಿದ ಕೂಡಲೇ ಫೋನಿನಲ್ಲಿ ಕೆಮ್ಮಿನಂಥ ಸದ್ದು ಬಂತು. ಟಾವ್ ನಗುತ್ತಿದ್ದಳು. ನಿಮ್ಮ ದೇಶದಿಂದ ಆ ವರ್ಷ ಹನ್ನೊಂದು ಮಂದಿ ಪಾಸಾದರು, ಅವರಲ್ಲಿ ಏಳು ಮಂದಿ ಇದುವರೆಗೆ ನನಗೆ ಫೋನ್ ಮಾಡಿದ್ದಾರೆ, ಏಳೂ ಪ್ಲಾಸ್ಟಿಕ್ಕಿನಲ್ಲಿ ಎಂದಳು. ಪದವಿ ಕೊಡುವ ದಿನವೇ ಬೇಡ ಎಂದು ಹೇಳಿ ಕಳಿಸುತ್ತೇವೆ. ಊರಿಗೆ ಹೋದಮೇಲೆ ಮನೆಯ ಹಿರಿಯರು ಹಾಕಿಸುತ್ತಾರಂತೆ. ನಿಮ್ಮಲ್ಲಿ ಹಿರಿಯರಿಗೆ ಬೇರೆ ಕೆಲಸ ಇಲ್ಲವೇ?

"ಇಲ್ಲ ಅಂತ ಹೇಳು," ಎಂದೆ ಲಿನ್‌ಗೆ.

ಆಮೇಲೆ ಟಾವ್, ಕಾಗದ ಪೆನ್ನು ತಗೊಳ್ಳಿ, ಒಂದೇ ಸಲ ಹೇಳುತ್ತೇನೆ ಎಂದಳು. ಲಿನ್ ಹಳೆಯ ಡ್ರಾಯಿಂಗ್ ಹಾಳೆಯ ಹಿಂಬದಿಯಲ್ಲಿ ಬರೆದುಕೊಂಡಳು, ಬರೆಯುತ್ತಲೇ ನನಗೆ ಹೇಳಿದಳು.

1951ರಲ್ಲಿ ಅದು ಕಾಲೇಜೇ ಅಲ್ಲ. ಸಕ್ಕರೆ ಕಾರ್ಖಾನೆಯ ಗೋದಾಮಿನಲ್ಲಿ ಬಾಯ್ಲರು, ಪಂಪು ರಿಪೇರಿ ಕಲಿಸುವ ಕಾರ್ಮಿಕರ ಶಾಲೆ. ಮೂರು ಮೇಷ್ಟರು, ಅರವತ್ತು ಮಂದಿ, ಕೂರಲು ಸಕ್ಕರೆ ಮೂಟೆ. ಏಳು ವರ್ಷದ ಮೇಲೆ ಯಂತ್ರವಿದ್ಯೆಯ ಕಾಲೇಜು ಎಂದು ಹೊಸ ಬೋರ್ಡು ಬಂತು. ಬೋರ್ಡು ಬಂದು ನಾಲ್ಕು ವರ್ಷಕ್ಕೆ ತಿನ್ನಲು ಅನ್ನವಿಲ್ಲದೆ ಅರ್ಧ ವಿಭಾಗಗಳನ್ನು ಮುಚ್ಚಿದರು. 1966ಕ್ಕೆ ದೇಶದ ತುಂಬ ಕ್ರಾಂತಿಯ ಗಲಾಟೆ ಎದ್ದು ಪಾಠ ನಿಂತಿತು. 1970ರಲ್ಲಿ ಇಡೀ ಕಾಲೇಜನ್ನು ಎತ್ತಿ ಗುಡ್ಡಗಾಡಿಗೆ ಕಳಿಸಿದರು. ಲೇತ್ ಯಂತ್ರ, ಕರಿಹಲಗೆ, ಅಡುಗೆ ಪಾತ್ರೆ, ದಾಖಲೆ ಪುಸ್ತಕ ಎಲ್ಲ ಗೂಡ್ಸ್ ರೈಲಿನಲ್ಲಿ. ಮೇಷ್ಟರುಗಳು ಅಲ್ಲಿ ನವಣೆ ಬೆಳೆದರು. ಬರೀ ಜಿಲ್ಲಾ ತಾಂತ್ರಿಕ ಶಾಲೆ ಎಂಬ ಮೂರನೇ ಹೆಸರು ಬಂದದ್ದು ಆಗ. 1978ರಲ್ಲಿ ಪರೀಕ್ಷೆಗಳು ಮತ್ತೆ ಶುರುವಾದವು. ಊರಿಗೆ ವಾಪಸ್ ಬಂದರೆ ಹಳೆಯ ಕಟ್ಟಡದಲ್ಲಿ ಸೈಕಲ್ ಕಾರ್ಖಾನೆ ಕೂತಿತ್ತು, ಬಿಡಲು ಒಪ್ಪಲಿಲ್ಲ. ಮೂರು ವರ್ಷ ತಗಡಿನ ಶೆಡ್ಡಿನಲ್ಲಿ ಪಾಠ. 1985ರಲ್ಲಿ ಚಾಂಗ್‌ಲಿಯು ತಾಂತ್ರಿಕ ಸಂಸ್ಥೆ ಆಯಿತು, ನಮ್ಮ ಮಯೂರಿಯ ಪದವಿಯಲ್ಲಿರುವ ಹೆಸರು. 2010ರಲ್ಲಿ ಪಕ್ಕದ ನೇಯ್ಗೆ ಕಾಲೇಜನ್ನು ಇದರೊಳಗೆ ಸೇರಿಸಿ ವಿಶ್ವವಿದ್ಯಾಲಯ ಎಂದರು. ಈಗ ಇಪ್ಪತ್ತಾರು ಸಾವಿರ ವಿದ್ಯಾರ್ಥಿಗಳು, ಊರಾಚೆ ಹೊಸ ಕ್ಯಾಂಪಸ್ಸು, ಗಾಜಿನ ಲೈಬ್ರರಿ.

"ಐದು ಹೆಸರು ಯಾಕೆ ಅಂತ ಕೇಳಿದ್ದೆಯಲ್ಲ," ಎಂದಳು ಲಿನ್. 

ಟಾವ್ ಇನ್ನೊಂದು ಮಾತು ಹೇಳಿದಳು. ಗುಡ್ಡಕ್ಕೆ ಹೋಗುವಾಗ ರೈಲಿನ ಡಬ್ಬಿ ಸೋರಿ ದಾಖಲೆ ಪುಸ್ತಕಗಳೆಲ್ಲ ಒದ್ದೆಯಾದವಂತೆ. ಆಗಿನ ಗುಮಾಸ್ತ ಬೇಗ ಒಣಗಲಿ ಎಂದು ಅವನ್ನು ಬಾಯ್ಲರಿನ ಮೇಲೆ ಹರಡಿದನಂತೆ. ಒಣಗಿದವು, ಕೆಲವು ಪುಟ ಸುಟ್ಟೂ ಹೋದವು. ನಲವತ್ತೊಂದು ವಿದ್ಯಾರ್ಥಿಗಳ ಹೆಸರು ಬೂದಿಯಾಯಿತು. ಆಮೇಲೆ ಅವರಲ್ಲಿ ಯಾರು ಪ್ರಮಾಣಪತ್ರ ಕೇಳಿಕೊಂಡು ಬಂದರೂ ಅದೇ ಗುಮಾಸ್ತ ಊರೂರು ಅಲೆದು ಸಾಕ್ಷಿ ಹುಡುಕಿ, ಕೈಯಲ್ಲಿ ಬರೆದುಕೊಡಬೇಕಾಯಿತು. ನಿವೃತ್ತಿಯ ದಿನದ ತನಕ ಅವನಿಗೆ ಅದೇ ಕೆಲಸ. ಅವನ ಕೈಕೆಳಗೇ ಟಾವ್ ಕೆಲಸ ಕಲಿತದ್ದು.

"ಹತ್ತು ದಿನ ಬೇಕು. ಕೊರಿಯರ್ ಮಾಡುತ್ತೇನೆ," ಎಂದು ಫೋನ್ ಇಟ್ಟಳು.

ಲಕೋಟೆ ನಮ್ಮ ಬಾಗಿಲಿಗೆ ಬಂದದ್ದು ಅಕ್ಟೋಬರ್ ಇಪ್ಪತ್ತೊಂಬತ್ತಕ್ಕೆ. ಮಯೂರಿ ಚಾಕುವಿನಿಂದ ಅಂಚು ಕೊಯ್ದಳು. ನಾನು ಎರಡು ಕೈಯನ್ನೂ ಜೇಬಿನಲ್ಲಿಟ್ಟುಕೊಂಡು ದೂರ ನಿಂತಿದ್ದೆ. ನಾಲ್ಕು ಪುಟದ ಇತಿಹಾಸ, ಪ್ರತಿ ಪುಟಕ್ಕೂ ಕೆಂಪು ಮೊಹರು. ಪದವಿಯ ಪ್ರಮಾಣಪತ್ರ, ಅದರ ಮೇಲೆ ಅದೇ ಎರಡು ಜಡೆಯ ಫೋಟೋ. ಮಯೂರಿ ಫೋಟೋದ ಅಂಚಿನ ಮೇಲೆ ಹೆಬ್ಬೆರಳು ಆಡಿಸಿದಳು. ಉಬ್ಬು ಮೊಹರು ಕೈಗೆ ಸಿಕ್ಕಿತು. ಜೊತೆಗೆ ಒಂದು ಹಳದಿ ಚೀಟಿ. ಮಯೂರಿ ಅದನ್ನು ಓದಿ ನನ್ನ ಕಡೆ ಹಿಡಿದಳು. ದಯವಿಟ್ಟು ಪ್ಲಾಸ್ಟಿಕ್ಕು ಹಾಕಬೇಡಿ ಎಂದು ಇಂಗ್ಲಿಷಿನಲ್ಲಿ ಬರೆದಿತ್ತು, ಕೆಳಗೆ ಎರಡು ಗೆರೆ ಎಳೆದಿತ್ತು.

"ನಿಮಗ ಬಂದೈತಿ ಪತ್ರ," ಎಂದಳು. ಇಪ್ಪತ್ತೈದು ದಿನದ ಮೇಲೆ ಅವಳು ನನ್ನ ಜೊತೆ ಆಡಿದ ಮೊದಲ ಮಾತು ಅದು.

ಕಾಗದಗಳು ಅವತ್ತೇ ಕಚೇರಿಗೆ ಹೋದವು. ಹದಿನೈದು ಕೆಲಸದ ದಿನ ಬೇಕು ಎಂದಳು ಬೆಣ್ಣೆ ದನಿಯ ಹೆಂಗಸು. ಈ ಸಲ ನಾನು ಕೂಗಲಿಲ್ಲ. ಕೂಗದಿದ್ದರೂ ಅಷ್ಟೇ ದಿನ.

ಮೂವತ್ತೊಂದರಂದು ಮಯೂರಿಯನ್ನು ಕಾರ್ಖಾನೆಗೆ ಕರೆದುಕೊಂಡು ಹೋದೆ. ಎಲ್ಲ ಕಾಗದಗಳ ನಕಲು ಹಿಡಿದು, ಇನ್ನು ಮೂರು ವಾರ ಕೊಡಿ ಎಂದು ಕೇಳಲು ಹೊರಟಿದ್ದಳು.

"ನೀವು ಗಾಡ್ಯಾಗ ಕುಂದರ್ರಿ. ಇಳೀಬ್ಯಾಡ್ರಿ," ಎಂದಳು.

ಕೂತೆ. ಎದುರಿಗೆ ಹಾಲು ಒಣಗಿಸುವ ದೊಡ್ಡ ಗೋಪುರ, ತುದಿಯಲ್ಲಿ ಬಿಳಿ ಉಗಿ. ಅದರ ಪೈಪುಗಳಲ್ಲಿ ಅರ್ಧ ನಮ್ಮ ವರ್ಕ್‌ಶಾಪಿನವು. ಹನ್ನೆರಡು ನಿಮಿಷಕ್ಕೆ ಅವಳು ಹೊರಬಂದಳು. ಅಷ್ಟು ಬೇಗ ಬಂದಾಗಲೇ ಗೊತ್ತಾಯಿತು.

"ಏನಂದ ಮ್ಯಾನೇಜರು?"

"ಭಾಳ ಸಾರಿ ಅಂದ್ರು. ಹಾಲಿನ ಸೀಸನ್ ಶುರು ಆಗೇತಿ, ಕಾಯಾಕ ಆಗಂಗಿಲ್ಲಂತ. ಬ್ಯಾರೆಯವ್ರಿಗೆ ನಿನ್ನೆನ ಹೇಳ್ಯಾರ."

ನನ್ನ ಕೈ ತಾನಾಗಿ ಬಾಗಿಲಿನ ಹಿಡಿಕೆಗೆ ಹೋಯಿತು. ಒಂದು ಕಾಲು ಹೊರಗಿಟ್ಟಿದ್ದೆ.

"ಮಾಮಾ," ಎಂದಳು ಮಯೂರಿ, ಎದುರಿಗೆ ನೋಡುತ್ತಲೇ. "ಬಾಗಿಲು ಹಾಕ್ರಿ. ಬೆಲ್ಟ್ ಹಾಕ್ಕೊರಿ."

ಹಾಕಿಕೊಂಡೆ.

ಕಚೇರಿಯ ಪತ್ರ ನವೆಂಬರ್ ಹತ್ತೊಂಬತ್ತಕ್ಕೆ ಬಂತು. ಸಂಸ್ಥೆಯ ಇತಿಹಾಸವನ್ನು ಒಪ್ಪಿದ್ದೇವೆ, ಪದವಿ ಇಲ್ಲಿನ ಪದವಿಗೆ ಸಮ, ಶುಭವಾಗಲಿ. ಹತ್ತೊಂಬತ್ತು ದಿನ ತಡ. ಅದನ್ನು ಹಿಡಿದು ಮಯೂರಿ ದೇಶದ ತುಂಬ ಅರ್ಜಿ ಹಾಕಿದಳು. ವೀಸಾ ಮುಗಿಯಲು ಆರು ದಿನ ಇರುವಾಗ ದಕ್ಷಿಣದ ತುದಿಯಲ್ಲಿ, ಇನ್ವರ್ಕಾರ್ಗಿಲ್ ಆಚೆ, ಒಂದು ಸಣ್ಣ ಹಾಲಿನ ಕಾರ್ಖಾನೆಯವರು ಕರೆದರು. ಇಲ್ಲಿಯ ಕೆಲಸದಷ್ಟು ದೊಡ್ಡದಲ್ಲ. ಬೇಸಿಗೆಯಲ್ಲೂ ಹೀಟರ್ ಹಾಕುವ ಊರು, ನಮ್ಮವರು ಅಂತ ಒಬ್ಬರೂ ಇಲ್ಲ. ನಮ್ಮ ಮನೆಯಿಂದ ಹದಿನೈದು ನಿಮಿಷದ ದಾರಿಯ ಕೆಲಸ ಬಿಟ್ಟು ಅಷ್ಟು ದೂರ ಹೋಗಬೇಕಾಯಿತು. ಅದಕ್ಕೆ ಕಾರಣ ಯಾರೆಂದು ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಹೇಳಿದ್ದರೆ ನನಗೆ ತಿರುಗಿ ಕೂಗುವುದಕ್ಕಾದರೂ ಬರುತ್ತಿತ್ತು.

ಹೊರಡುವ ದಿನ ಪ್ರಭಾ ಶೇಂಗಾ ಚಟ್ನಿ, ಖಡಕ್ ರೊಟ್ಟಿ ಕಟ್ಟಿಕೊಟ್ಟಳು. ನಾನು ಒಂದು ಗಟ್ಟಿ ಫೈಲು ತಂದಿದ್ದೆ, ಒಳಗೆ ಜೇಬುಗಳಿದ್ದವು, ಅಂಟು ಇರಲಿಲ್ಲ. ಅಂಗಡಿಯಲ್ಲಿ ಮೂರು ಸಲ ಕೇಳಿ ಖಾತ್ರಿ ಮಾಡಿಕೊಂಡಿದ್ದೆ. ಮಯೂರಿ ಪ್ರಮಾಣಪತ್ರ, ಇತಿಹಾಸದ ನಾಲ್ಕು ಪುಟ, ಕಚೇರಿಯ ಪತ್ರ ಎಲ್ಲವನ್ನೂ ಅದರಲ್ಲಿ ಜೋಡಿಸಿದಳು. ಕೊನೆಗೆ ಮೂಲೆ ಓರೆಯಾದ, ಅರ್ಧ ಮೊಹರಿನ ಆ ಹಳೆಯ ಪದವಿಪತ್ರ ಉಳಿಯಿತು. ಅದನ್ನು ತಿರುಗಿಸಿ ನೋಡಿದಳು, ನನ್ನ ಕೈಗೆ ಕೊಟ್ಟಳು.

"ಇದು ನಿಮ್ಮ ಹತ್ರನ ಇರ್ಲಿ ಮಾಮಾ," ಎಂದಳು. "ಹೆಂಗೂ ನೂರು ವರ್ಷ ಏನೂ ಆಗಂಗಿಲ್ಲ ಇದಕ್ಕ."

ಪ್ರಭಾ ಬಾಯಿಗೆ ಸೆರಗು ಅಡ್ಡ ಹಿಡಿದಳು. ನಾನು ಮಯೂರಿಯ ಚೀಲ ಎತ್ತಿಕೊಂಡು ಯೂಟ್ ಕ‌ಡೆ ನಡೆದೆ. ಇನ್ನೊಂದು ಕೈಯಲ್ಲಿ ಪದವಿಪತ್ರ ಹಾಗೇ ಇತ್ತು. ಬಿಸಿಲಿಗೆ ಅದು ಗಾಜಿನಂತೆ ಹೊಳೆಯಿತು.